ಹಾಡಿನಲ್ಲಿ ಬದುಕಿದವಳು

ಬೀದಿಯವರೆಲ್ಲ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಗಾಜಿನ ಅಂಗಡಿ ಅವನದು. ಕಿಟಕಿಗೆ, ಕನ್ನಡಿಗೆ, ಫೋಟೊ ಚೌಕಟ್ಟಿಗೆ ಗಾಜು ಕತ್ತರಿಸಿ ಕೊಡುವುದು ಕೆಲಸ. ಗಿರಾಕಿ ಅಳತೆ ಬರೆದ ಚೀಟಿ ಕೊಟ್ಟರೆ ಓದಿ ತಲೆಯಾಡಿಸುತ್ತಿದ್ದ, ಯಾವಾಗ ಸಿಗುತ್ತದೆಂದು ಕೇಳಿದರೆ ಗೋಡೆಯ ಗಡಿಯಾರಕ್ಕೆ ಬೆರಳು ತೋರಿಸುತ್ತಿದ್ದ. ಬಾಯಿ ಬಿಟ್ಟರೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಎದುರಿಗಿದ್ದವರು ಪಾಪ ಎಂಬ ಮುಖ ಮಾಡಿಕೊಂಡು ಆ ಮಾತನ್ನು ತಾವೇ ಮುಗಿಸಿಕೊಡಲು ಬರುತ್ತಿದ್ದರು, ಅದೂ ಹತ್ತಕ್ಕೆ ಒಂಬತ್ತು ಸಲ ತಪ್ಪಾಗಿ. 'ನಾಳೆ' ಎನ್ನಹೊರಟವನ ಬಾಯಿಗೆ 'ನಾಲ್ಕು ಗಂಟೆಗಾ?' ಎಂದು ತುರುಕಿ, ನಾಲ್ಕಕ್ಕೆ ಸರಿಯಾಗಿ ಬಂದು ಜಗಳ ತೆಗೆದ ಪುಣ್ಯಾತ್ಮರೂ ಇದ್ದರು. ಐವತ್ತನಾಲ್ಕು ವರ್ಷಗಳಲ್ಲಿ ಮೌನಿ ಇದಕ್ಕೆ ಕಂಡುಕೊಂಡ ಉಪಾಯ ಸುಮ್ಮನಿರುವುದು.

ಸಂಜೆ ಅಂಗಡಿಯ ಷಟರ್ ಎಳೆದು, ಮೆಟ್ಟಿಲು ಹತ್ತಿ, ಮನೆಯ ಬಾಗಿಲು ಹಾಕಿಕೊಂಡನೆಂದರೆ ಇದೇ ಮೌನಿ ಹಾಡುತ್ತಿದ್ದ. ಹಾಡುವುದೆಂದರೆ ಸಂಗೀತ ಕಚೇರಿ ಅಲ್ಲ. "ಅಕ್ಕಾ, ಟವೆಲ್ ಎಲ್ಲಿಟ್ಟೆ?" ಎಂಬುದನ್ನು ಹಾಡುತ್ತಿದ್ದ. "ನಿನ್ನ ಹೆಗಲ ಮೇಲೇ ಇದೆಯಲ್ಲೋ, ಕಣ್ಣು ಕಾಣಲ್ವಾ?" ಎಂದು ಅಕ್ಕನೂ ಅದೇ ಧಾಟಿಯಲ್ಲಿ ಎಳೆಯುತ್ತಿದ್ದಳು. ನಲ್ಲಿ ಸೋರುತ್ತಿದೆ, ಔಷಧಿ ತಗೊಂಡೆಯಾ, ಇವತ್ತು ಒಬ್ಬ ಗಿರಾಕಿ ತಲೆ ತಿಂದ, ಎಲ್ಲವೂ ಹಾಡು. ಹಾಡುವಾಗ ಮೌನಿಗೆ ಉಗ್ಗು ಇರಲಿಲ್ಲ. ಅವನು ಐದು ವರ್ಷದವನಿದ್ದಾಗ ಅಮ್ಮ ಇದನ್ನು ಕಂಡುಹಿಡಿದಳು. ತೊಡೆಯ ಮೇಲೆ ಬೆರಳಿನಿಂದ ಮೂರು ಸಲ ತಟ್ಟು, ನಾಲ್ಕನೆಯದಕ್ಕೆ ಹಾಡಿಬಿಡು ಎಂದು ಹೇಳಿಕೊಟ್ಟಳು. ಮಗುವೊಂದೇ ಹಾಡಿ ಉಳಿದವರು ಮಾತಾಡಿದರೆ ಅದಕ್ಕೆ ಬೇಜಾರಾಗುತ್ತದೆಂದು ಇಡೀ ಮನೆಯೇ ಹಾಡತೊಡಗಿತು. ಅಪ್ಪ ತೀರಿಕೊಂಡ ಮೇಲೂ, ಸಾಲಾಗಿ ಮೂರು ಮಕ್ಕಳನ್ನು ಕೂರಿಸಿಕೊಂಡು ಅಮ್ಮ ಹಾಡಿನಲ್ಲೇ ಗದರಿಸುತ್ತಿದ್ದಳು.

ಇದಕ್ಕೆ ಒಂದು ಕಟ್ಟಳೆ ಇತ್ತು. ಎಂಟು ವರ್ಷದವನಾಗಿದ್ದಾಗ ಮೌನಿ ಅಂಗಡಿಯೊಂದರಲ್ಲಿ ಸಾಬೂನು ಬೇಕೆಂದು ಹಾಡಿ ಕೇಳಿದ್ದ. ಅಲ್ಲಿದ್ದವರು ನಕ್ಕ ನಗು ಮನೆಯವರೆಗೂ ಅವನನ್ನು ಅಟ್ಟಿಸಿಕೊಂಡು ಬಂದಿತ್ತು. ಅವತ್ತು ಅಮ್ಮ ಅವನ ಕಣ್ಣೊರೆಸಿ ಹೇಳಿದಳು, ಇನ್ಮೇಲೆ ಬಾಗಿಲು ಹಾಕಿದ ಮೇಲೆ ಮಾತ್ರ ಹಾಡು, ಒಳಗೆ ಹಾಡಿದ್ದು ಯಾವುದೂ ಹೊರಗೆ ಹೋಗಬಾರದು. ಆ ಮಾತನ್ನು ಮೂವರು ಮಕ್ಕಳೂ ಪಾಲಿಸಿದರು. ಹಾಗೆಂದು ಮೌನಿ ನಂಬಿದ್ದ.

ಅಕ್ಕ ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ, ಅಲ್ಲೇ ಬಡ್ತಿ ಪಡೆದು, ಅಲ್ಲೇ ನಿವೃತ್ತಳಾದಳು. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೆದಕಿದರೆ "ಊರವರಿಗೆಲ್ಲ ಲೈನ್ ಕೊಡೋದ್ರಲ್ಲೇ ಆಯ್ತು, ನನ್ನದು ಸಿಗಲೇ ಇಲ್ಲ" ಎಂದು ನಕ್ಕುಬಿಡುತ್ತಿದ್ದಳು. ಕಿರಿಯವನು ಪುಟ್ಟ. ವಯಸ್ಸು ನಲವತ್ತಾರಾಯಿತು, ಕಿವಿಯ ಪಕ್ಕದ ಕೂದಲೆಲ್ಲ ಬೆಳ್ಳಗಾಯಿತು, ಆದರೂ ಮನೆಯಲ್ಲಿ ಅವನು ಪುಟ್ಟನೇ. ಅವನು ಸಿನಿಮಾಗಳಿಗೆ ಸಂಗೀತ ಮಾಡಿ, ಆಮೇಲೆ ತಾನೇ ಸಿನಿಮಾ ಮಾಡುತ್ತೇನೆಂದು ಹೊರಟು, ಎರಡು ಸಲ ಮುಗ್ಗರಿಸಿದ್ದ. ಮೂರನೆಯದು ಮುಗಿದಾಗ ಫೋನ್ ಮಾಡಿದ.

"ಅಣ್ಣಾ, ಇಡೀ ಸಿನಿಮಾದಲ್ಲಿ ಒಂದೇ ಒಂದು ಮಾತಿಲ್ಲ. ಎಲ್ಲಾ ಹಾಡೇ. ಬಸ್ ಟಿಕೆಟ್ ಕೇಳೋದೂ ಹಾಡು, ಬಯ್ಯೋದೂ ಹಾಡು. ನಮ್ಮನೆ ಥರ ಕಣೋ!"

ನಮ್ಮನೆ ಥರ ಎಂದದ್ದು ಮೌನಿಗೆ ಒಂದು ಚೂರು ಚುಚ್ಚಿತು. ಆದರೆ ತಮ್ಮನ ದನಿಯಲ್ಲಿದ್ದ ಸಡಗರ ಕೇಳಿ, ಹೋಗಲಿ ಬಿಡು, ಮನೆಯ ಹೆಸರೇನೂ ಹೇಳಿಲ್ಲವಲ್ಲ ಎಂದುಕೊಂಡ.

ಮೊದಲ ಪ್ರದರ್ಶನ ಮಧ್ಯಾಹ್ನಕ್ಕಿತ್ತು. ಅಕ್ಕ ಬೀರುವಿನ ತಳದಿಂದ ಒಳ್ಳೆಯ ಸೀರೆ ತೆಗೆದು ಉಟ್ಟಳು. ಮೌನಿ ಉಗುರಿನ ಸಂದಿಯ ಗಾಜಿನ ಪುಡಿ ಹೋಗುವ ತನಕ ಕೈ ಉಜ್ಜಿದ. ಪುಟ್ಟ ಇಬ್ಬರಿಗೂ ಮಧ್ಯದ ಸಾಲಿನ ನಡುವಿನ ಸೀಟು ಇಟ್ಟಿದ್ದ. ತಾನು ಮಾತ್ರ ಹಿಂದೆಲ್ಲೋ ನಿಂತುಕೊಂಡ, ಜನರ ಬೆನ್ನು ನೋಡಿದರೆ ಸಿನಿಮಾದ ಹಣೆಬರಹ ಗೊತ್ತಾಗುತ್ತದಂತೆ.

ಶುರುವಿನ ಹತ್ತು ನಿಮಿಷ ಹಾಲಿನಲ್ಲಿ ಕಿಸಕ್ಕನೆ ನಗು ಬರುತ್ತಿತ್ತು. ಪರದೆಯ ಮೇಲೆ ಒಬ್ಬ ಕಂಡಕ್ಟರ್ "ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ" ಎಂದು ಹಾಡಿದ, ಮುದುಕಿಯೊಬ್ಬಳು "ಇದ್ರೆ ಕೊಡ್ತಿರ್ಲಿಲ್ವೇನಪ್ಪ" ಎಂದು ರಾಗ ಎಳೆದಳು. ಹಿಂದಿನ ಸಾಲಿನಲ್ಲಿ ಯಾರೋ "ಇದೇನ್ರೀ, ಎರಡೂವರೆ ಗಂಟೆ ಹೀಗೇನಾ?" ಎಂದು ಗೊಣಗಿದರು. ಮೌನಿಯ ಕಿವಿ ಬಿಸಿಯಾಯಿತು. ಆ ಸಾಬೂನಿನಂಗಡಿಯ ನಗು ಅವನಿಗೆ ಇನ್ನೂ ಮರೆತಿರಲಿಲ್ಲ.

ಆದರೆ ನಿಧಾನಕ್ಕೆ ನಗು ನಿಂತಿತು. ಯಾವಾಗ ನಿಂತಿತೆಂದು ನಗುತ್ತಿದ್ದವರಿಗೇ ತಿಳಿಯಲಿಲ್ಲ. ಅರ್ಧ ಗಂಟೆಯಾಗುವಷ್ಟರಲ್ಲಿ ಪರದೆಯವರು ಹಾಡುತ್ತಿದ್ದಾರೆಂಬುದನ್ನೇ ಜನ ಮರೆತಿದ್ದರು. ಜನ ಇರುವುದೇ ಹೀಗೆ, ಮಾತೆಂದರೆ ಇದೇ ಎಂಬಂತೆ ಕೂತಿದ್ದರು. ಮೌನಿಗೆ ಆಗ ಆದದ್ದನ್ನು ಸಂತೋಷ ಎಂದು ಸುಮ್ಮನೆ ಹೇಳಿದರೆ ಸಾಲದು. ಅಲ್ಲಿ ಪೋಸ್ಟ್‌ಮ್ಯಾನ್ ಹಾಡುತ್ತಿದ್ದ, ಮೇಷ್ಟ್ರು ಹಾಡುತ್ತಿದ್ದರು, ಡಾಕ್ಟರ್ ನಾಡಿ ಹಿಡಿದು ಹಾಡುತ್ತಿದ್ದರು. ಇಂಥ ಊರಿನಲ್ಲಿ ತಾನು ಹುಟ್ಟಿದ್ದರೆ ಯಾರ ಕೈಗೂ ಸಿಕ್ಕಿಬೀಳುತ್ತಿರಲಿಲ್ಲ, ಯಾವ ಅಂಗಡಿಗೆ ಬೇಕಾದರೂ ಹೋಗಿ ಏನು ಬೇಕಾದರೂ ಕೇಳಬಹುದಾಗಿತ್ತು, ಒಬ್ಬಳು ಹುಡುಗಿಯನ್ನು ಮದುವೆಯಾಗುತ್ತೀಯಾ ಎಂದು ಕೂಡ ಕೇಳಬಹುದಾಗಿತ್ತು ಎನ್ನಿಸಿತು. ಕಣ್ಣಿಂದ ನೀರು ಇಳಿದದ್ದು ಅವನಿಗೇ ಗೊತ್ತಾಗಲಿಲ್ಲ. ಅಕ್ಕ ಕತ್ತಲಲ್ಲೇ ಕರ್ಚೀಫು ಕೊಟ್ಟಳು. "ನಮ್ ಪುಟ್ಟ ಗೆದ್ದುಬಿಟ್ಟ ಕಣೋ" ಎಂದು ಪಿಸುಗುಟ್ಟಿ ಅವನ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು. ಮೌನಿಗೆ ಅವತ್ತಿನಷ್ಟು ತಮ್ಮನ ಮೇಲೆ ಅಕ್ಕರೆ ಎಂದೂ ಉಕ್ಕಿರಲಿಲ್ಲ.

ಕತೆಯಲ್ಲಿ ಒಬ್ಬ ಹುಡುಗನಿದ್ದ. ಅವನಿಗೊಬ್ಬಳು ತಾಯಿ, ಒಬ್ಬಳು ಅಕ್ಕ. ಆ ಊರಿನಲ್ಲಿ ಎಲ್ಲರೂ ಹಾಡುತ್ತಿದ್ದರೂ ಈ ಹುಡುಗ ಮಾತ್ರ ಬಾಯಿ ತೆರೆಯುತ್ತಿರಲಿಲ್ಲ, ದನಿ ಹೊರಡುತ್ತಿರಲಿಲ್ಲ. ತಾಯಿ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ತೊಡೆಯ ಮೇಲೆ ಬೆರಳಿನಿಂದ ಮೂರು ಸಲ ತಟ್ಟಿ ತೋರಿಸಿದಳು.

ಮೌನಿ ಬೆಚ್ಚಿದ. ಅಕ್ಕ ಮಾತ್ರ ಮುಗುಳ್ನಕ್ಕು ಅವನ ಕೈ ಒತ್ತಿದಳು. ಅಮ್ಮನನ್ನು ಪರದೆಯ ಮೇಲೆ ಕಂಡ ಖುಷಿ ಅವಳಿಗೆ. ಅದು ಮನೆಯದು, ಬಾಗಿಲೊಳಗಿನದು, ಹೀಗೆ ನಾನೂರು ಜನರ ಮುಂದೆ ಬಿಚ್ಚಿಡಬಾರದಿತ್ತು ಎಂದು ಮೌನಿಗೆ ಅನ್ನಿಸಿದರೂ, ಅಕ್ಕನ ಮುಖ ನೋಡಿ ಅದನ್ನೂ ನುಂಗಿಕೊಂಡ.

ಇಂಟರ್ವಲ್ ಆಗಿ ಸುಮಾರು ಹೊತ್ತಿನ ಮೇಲೆ ಪರದೆಯ ಮೇಲೆ ಒಂದು ಮೆಟ್ಟಿಲು ಬಂತು. ಮೆಟ್ಟಿಲ ಬುಡದಲ್ಲಿ, ಬೀದಿಬಾಗಿಲಿನ ಪಕ್ಕದಲ್ಲಿ, ಗೋಡೆಗೆ ಸಿಕ್ಕಿಸಿದ ಒಂದು ಕಪ್ಪು ಫೋನ್.

ಆ ಫೋನಿನ ವಿಷಯ ಜಗತ್ತಿನಲ್ಲಿ ಇಬ್ಬರಿಗೇ ಗೊತ್ತಿತ್ತು. ಅದನ್ನು ಈಗ ಹೇಳಲೇಬೇಕು.

ಮೌನಿಗೆ ಆಗ ಹದಿನಾಲ್ಕು, ಪುಟ್ಟನಿಗೆ ಆರು. ಅಕ್ಕ ಎಕ್ಸ್‌ಚೇಂಜಿಗೆ ಸೇರಿ ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಮೌನಿ ಶಾಲೆಯಿಂದ ಬಂದಾಗ ಅಮ್ಮ ಅಡುಗೆಮನೆಯ ನೆಲದ ಮೇಲೆ ಎದೆ ಹಿಡಿದುಕೊಂಡು ಬಿದ್ದಿದ್ದಳು. ಉಸಿರಿತ್ತು, ಕಣ್ಣು ತೆರೆದಿತ್ತು. ಪುಟ್ಟ ಇನ್ನೊಂದು ಕೋಣೆಯಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದ. ಮೌನಿ ಮೆಟ್ಟಿಲಿಳಿದು ಓಡಿದ. ಬಾಡಿಗೆಯವರಿಗೆಲ್ಲ ಸೇರಿ ಕೆಳಗೊಂದು ಫೋನಿತ್ತು. ಆಗೆಲ್ಲ ರಿಸೀವರ್ ಎತ್ತಿದರೆ ಎಕ್ಸ್‌ಚೇಂಜಿನ ಹುಡುಗಿಯೊಬ್ಬಳು ಯಾವ ನಂಬರ್ ಎಂದು ಕೇಳಿ ಕೊಡಿಸುತ್ತಿದ್ದಳು. ಅವನು ಎತ್ತಿದ. ಅಲ್ಲಿನ ಸ್ವಿಚ್‌ಬೋರ್ಡಿನ ಮುಂದೆ ಆರು ಜನ ಹುಡುಗಿಯರು ಕೂರುತ್ತಿದ್ದರು. ಅವನ ಗ್ರಹಚಾರಕ್ಕೆ ಉತ್ತರ ಕೊಟ್ಟದ್ದು ಅಕ್ಕನೇ.

"ಎಕ್ಸ್‌ಚೇಂಜ್. ನಂಬರ್ ಹೇಳಿ."

ಮನೆಯಲ್ಲಿ ಹಾಡುವ ಅಕ್ಕನ ದನಿ ಅದಾಗಿರಲಿಲ್ಲ, ಕಚೇರಿಯ ದನಿ. ಅಕ್ಕಾ ಎನ್ನಲು ಹೋದ, ಆಗಲಿಲ್ಲ. ಬೆರಳಿನಿಂದ ತಟ್ಟಿದ, ತೊಡೆಯ ಮೇಲಲ್ಲ, ಗಾಬರಿಯಲ್ಲಿ ರಿಸೀವರಿನ ಮೇಲೇ. ಮೂರು ಸಲ. ನಾಲ್ಕನೆಯದಕ್ಕೆ ಹಾಡಬೇಕಿತ್ತು. ಬೀದಿಬಾಗಿಲು ಹಾರುಹೊಡೆದಿತ್ತು, ಹೊರಗೆ ಕಟ್ಟೆಯ ಮೇಲೆ ಅವನ ತರಗತಿಯ ಮೂರು ಜನ ಹುಡುಗರು ಕೂತಿದ್ದರು. ಅವನು ಹಾಡಲಿಲ್ಲ. ಮತ್ತೆ ಮೂರು ಸಲ ತಟ್ಟಿದ. "ಹಲೋ, ಮಾತಾಡಿ. ಬೇರೆಯವರು ಕಾಯ್ತಿದಾರೆ" ಎಂದಳು ಅಕ್ಕ. ಇನ್ನೂ ಮೂರು ಸಲ ತಟ್ಟಿದ. ಅಕ್ಕ ಲೈನ್ ಕಟ್ ಮಾಡಿದಳು.

ಆಮೇಲೆ ಬೀದಿಯಲ್ಲಿ ಯಾರದೋ ಕೈ ಹಿಡಿದೆಳೆದು, ಅವರಿಗೆ ಅರ್ಥವಾಗಿ, ಡಾಕ್ಟರ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಲು ಗಂಟೆ ಮುಂಚೆ ಗೊತ್ತಾಗಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರ್. ಅಕ್ಕ ಮನೆಗೆ ಬಂದು ಏನಾಯಿತೆಂದು ಕೇಳಿದಾಗ ಮೌನಿ ಬಾಗಿಲು ಹಾಕಿಕೊಂಡು, ನಾನು ಬಂದಾಗಲೇ ಅಮ್ಮನ ಉಸಿರು ನಿಂತಿತ್ತು ಎಂದು ಹಾಡಿದ. ಆ ಮನೆಯಲ್ಲಿ ಹಾಡಿದ ಒಂದೇ ಒಂದು ಸುಳ್ಳು ಅದು. ಅಕ್ಕ ನಂಬಿದಳು.

ಮೂವತ್ತು ವರ್ಷ ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ. ಪುಟ್ಟನ ಮೊದಲ ಸಿನಿಮಾ ನೆಲಕಚ್ಚಿದಾಗ ಅವನು ಮನೆಗೆ ಬಂದು ಬಿದ್ದುಕೊಂಡಿದ್ದ. ಒಂದು ದಿನ ಅಡುಗೆಮನೆಯಲ್ಲಿ ಕೂತು, ಅಮ್ಮ ಸಾಯುವಾಗ ನಾನು ಪಕ್ಕದ ಕೋಣೆಯಲ್ಲಿ ನಿದ್ದೆ ಹೊಡೀತಿದ್ದೆ, ಎದ್ದಿದ್ದರೆ ಉಳೀತಿದ್ದಳು, ಅಲ್ಲಿಂದಲೇ ನನಗೆ ಏನೂ ಕೈಹತ್ತುತ್ತಿಲ್ಲ ಎಂದು ಗೋಳಾಡಿದ. ಮೌನಿಗೆ ತಡೆಯಲಾಗಲಿಲ್ಲ. ಬಾಗಿಲು ಹಾಕಿ, ಸಣ್ಣ ದನಿಯಲ್ಲಿ, ಫೋನು, ತಟ್ಟಿದ್ದು, ಕಟ್ಟೆಯ ಮೇಲಿನ ಹುಡುಗರು, ಅಕ್ಕನ ದನಿ ಎಲ್ಲವನ್ನೂ ಹಾಡಿ ಹೇಳಿದ. ತಪ್ಪಾಗಿದ್ದರೆ ಅದು ನನ್ನದು, ನಿನ್ನದಲ್ಲ ಎಂದ. ಕೊನೆಗೆ, ಅಕ್ಕನ ಕಿವಿಗೆ ಇದು ಬಿದ್ದರೆ ಅವಳು ಬದುಕಲ್ಲ, ಭಾಷೆ ಕೊಡು ಎಂದ. ಪುಟ್ಟ ಅಳುತ್ತಲೇ ಅಣ್ಣನ ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟಿದ್ದ.

ಆ ಫೋನು ಈಗ ಪರದೆಯ ಮೇಲೆ ಮನೆಯ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಹುಡುಗನ ತಾಯಿ ಅಡುಗೆಮನೆಯಲ್ಲಿ ಹಾಡುತ್ತ ಹಾಡುತ್ತ ಎದೆ ಮುಟ್ಟಿಕೊಂಡಳು.

ಅಕ್ಕನನ್ನು ಇಲ್ಲಿಂದ ಎಬ್ಬಿಸಬೇಕು. ಮೌನಿಯ ತಲೆಯಲ್ಲಿ ಉಳಿದದ್ದು ಅದೊಂದೇ. ಏನಾದರೂ ಹೇಳಿ, ಹೊಟ್ಟೆನೋವು, ತಲೆಸುತ್ತು, ಏನಾದರೂ, ಅವಳನ್ನು ಹೊರಗೆ ಕರೆದುಕೊಂಡು ಹೋಗಬೇಕು. ಅವಳ ಕಡೆ ವಾಲಿದ.

"ಅ... ಅ..."

"ಏನೋ? ಹೊರಗೆ ಹೋಗಬೇಕಾ? ಹೋಗಿ ಬಾ, ನಾನು ಜಾಗ ನೋಡ್ಕೋತೀನಿ."

ತಲೆಯಲ್ಲಾಡಿಸಿ ಅವಳ ಕೈ ಹಿಡಿದೆಳೆದ. ಅವನಿಗೆ ಅಮ್ಮನ ನೆನಪು ಉಕ್ಕಿದೆ ಎಂದುಕೊಂಡು ಅವಳು ಅವನ ಬೆನ್ನು ಸವರಿದಳು. "ಸಿನಿಮಾ ಕಣೋ, ಸಮಾಧಾನ ಮಾಡ್ಕೋ." ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ಶ್ ಎಂದಳು. ಪರದೆಯ ಮೇಲೆ ಹುಡುಗ ಮೆಟ್ಟಿಲು ಇಳಿಯುತ್ತಿದ್ದ.

ಹಾಡಬಹುದಿತ್ತು. ಅಕ್ಕಾ ಏಳು, ಮನೆಗೆ ಹೋಗೋಣ ಎಂದು ನಾಲ್ಕು ಸ್ವರದಲ್ಲಿ ಹಾಡಿದ್ದರೆ ಅವಳು ಒಂದು ಪ್ರಶ್ನೆ ಕೇಳದೆ ಎದ್ದು ಬರುತ್ತಿದ್ದಳು. ಹೊರಗೆ ಎಂದೂ ಹಾಡದ ತಮ್ಮ ಹಾಡಿದನೆಂದರೆ ಜೀವ ಹೋಗುವ ವಿಷಯವೇ ಇರಬೇಕೆಂದು ಅವಳಿಗೆ ತಿಳಿಯುತ್ತಿತ್ತು. ಹಾಲಿನ ಬಾಗಿಲುಗಳು ಕೂಡ ಹಾಕಿಯೇ ಇದ್ದವು. ಇಡೀ ಹಾಲೇ ಹಾಡಿನಲ್ಲಿ ಮುಳುಗಿತ್ತು, ಇವನ ದನಿ ಎರಡು ಸೀಟು ದಾಟುತ್ತಿರಲಿಲ್ಲ. ಮೌನಿ ತೊಡೆಯ ಮೇಲೆ ಮೂರು ಸಲ ತಟ್ಟಿಕೊಂಡ. ನಾಲ್ಕನೆಯದು ಬಂತು. ಶ್ ಎಂದ ಹೆಂಗಸಿನ ತುರುಬು ಕಣ್ಣೆದುರಿಗೇ ಇತ್ತು. ಬಾಯಿ ತೆರೆಯಲಿಲ್ಲ. ಹದಿನಾಲ್ಕು ವರ್ಷದ ಹುಡುಗನಿಗೂ ಐವತ್ತನಾಲ್ಕರ ಗಂಡಸಿಗೂ ಏನೂ ವ್ಯತ್ಯಾಸವಿಲ್ಲವಲ್ಲ ಎಂದು ತನ್ನ ಮೇಲೇ ಅಸಹ್ಯ ಹುಟ್ಟಿತು.

ಪರದೆಯ ಮೇಲಿನ ಹುಡುಗ ರಿಸೀವರ್ ಎತ್ತಿದ. ಆ ಕಡೆ ಬೋರ್ಡಿನ ಮುಂದೆ ಕೂತ ಅಕ್ಕ, ಎಳೆಯ ಹುಡುಗಿ, ಕಿವಿಗೆ ಯಂತ್ರ ಹಾಕಿಕೊಂಡು ಹಾಡಿದಳು: "ಎಕ್ಸ್‌ಚೇಂಜ್, ನಂಬರ್ ಹೇಳಿ." ಹುಡುಗ ರಿಸೀವರಿನ ಮೇಲೆ ಮೂರು ಸಲ ತಟ್ಟಿದ. ಆರ್ಕೆಸ್ಟ್ರಾ ನಿಂತುಹೋಯಿತು. ಎರಡೂವರೆ ಗಂಟೆಯ ಆ ಸಿನಿಮಾದಲ್ಲಿ ಮೊದಲ ಸಲ ಸಂಗೀತವಿಲ್ಲದ ಜಾಗ ಅದು. ಟಕ್, ಟಕ್, ಟಕ್. ಮತ್ತೆ ಏನೂ ಇಲ್ಲ. "ಹಲೋ, ಮಾತಾಡಿ, ಬೇರೆಯವರು ಕಾಯ್ತಿದಾರೆ," ಎಂದು ಹುಡುಗಿ ಹಾಡಿದಳು. ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ ಕಮ್ಮಿಯಿಲ್ಲ. ಟಕ್, ಟಕ್, ಟಕ್.

ಆಗ ಪರದೆಯ ಹುಡುಗಿ ಕಟ್ ಮಾಡಲು ಚಾಚಿದ ಕೈಯನ್ನು ನಿಲ್ಲಿಸಿದಳು. ಕಣ್ಣು ಅರಳಿತು. "ತಮ್ಮಾ, ನೀನಾ?" ಎಂದು ಹಾಡಿದಳು. ಹುಡುಗ ಬಾಯಿ ತೆರೆದ. ಅಮ್ಮ ಬಿದ್ದಿದಾಳೆ, ಬೇಗ ಬಾ ಎಂದು ಬೀದಿಬಾಗಿಲು ತೆರೆದಿರುವಂತೆಯೇ ಗಂಟಲು ಬಿಚ್ಚಿ ಹಾಡಿದ. ಕಟ್ಟೆಯ ಮೇಲೆ ಕೂತ ಹುಡುಗರು ನಗಲಿಲ್ಲ, ಎದ್ದು ಬಂದು ಅವನ ಜೊತೆ ಹಾಡಿದರು. ಬೀದಿಗೆ ಬೀದಿಯೇ ಹಾಡಿತು. ಡಾಕ್ಟರ್ ಹಾಡುತ್ತ ಓಡಿ ಬಂದರು. ತಾಯಿ ಕಣ್ಣು ಬಿಟ್ಟಳು. ಸಿನಿಮಾ ಮುಗಿಯಿತು.

ಹಾಲಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಗೊಣಗಿದವನೂ ಮೂಗೊರೆಸಿಕೊಂಡು ಹೊಡೆಯುತ್ತಿದ್ದ. ಮೌನಿ ಎದ್ದೇಳಲಿಲ್ಲ. ಇಷ್ಟೇ ಸುಲಭವಿತ್ತು ಎಂದು ನಾನೂರು ಜನ ಅವನ ತಲೆಯ ಮೇಲೆ ಚಪ್ಪಾಳೆ ತಟ್ಟಿ ಹೇಳುತ್ತಿದ್ದರು. ಹುಡುಗ ಹಾಡಿದರೆ ಆಯಿತು, ಅಮ್ಮ ಬದುಕುತ್ತಿದ್ದಳು. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ ಎಂದುಕೊಂಡ. ಅಡುಗೆಮನೆಯಲ್ಲಿ ಕೂತು ಯಾರ ಗೋಳು ನೋಡಲಾರದೆ ಬಾಯಿ ಬಿಟ್ಟಿದ್ದನೋ ಅವನೇ ಅದನ್ನು ಆರ್ಕೆಸ್ಟ್ರಾ ಸಮೇತ ಮಾರಿದ್ದ.

ಆಮೇಲೆ ಅವನ ಗಮನಕ್ಕೆ ಬಂತು. ಅಕ್ಕನ ಕೈಯೊಳಗೆ ಅವನ ಕೈ ಇರಲಿಲ್ಲ. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಖಾಲಿ ಪರದೆಯನ್ನು ನೋಡುತ್ತ ಕೂತಿದ್ದಳು.

ಹೊರಗಿನ ಮೊಗಸಾಲೆಯಲ್ಲಿ ಪುಟ್ಟನನ್ನು ಜನ ಮುತ್ತಿಕೊಂಡಿದ್ದರು. ಇವರಿಬ್ಬರನ್ನು ಕಂಡವನೇ ಎಲ್ಲರನ್ನೂ ಸರಿಸಿಕೊಂಡು ಬಂದ, ಮುಖವೆಲ್ಲ ನಗು.

"ಹೇಗಿತ್ತು ಅಕ್ಕಾ? ಹೇಳೇ!"

"ಚೆನ್ನಾಗಿತ್ತು ಕಣೋ. ಆ ಹುಡುಗಿ ಜಾಣೆ. ಮೂರು ಸಲ ತಟ್ಟಿದ್ದಕ್ಕೇ ತಮ್ಮ ಅಂತ ಗುರುತು ಹಿಡಿದಳು."

"ಅದೇ ಅಲ್ವಾ ಕ್ಲೈಮ್ಯಾಕ್ಸು! ಅಲ್ಲಿ ಸೌಂಡ್ ಪೂರ್ತಿ ತೆಗೆಸಿದೆ, ಗಮನಿಸಿದೆಯಾ?"

"ಗಮನಿಸಿದೆ." ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಮ್ಮ ಹೋದ ದಿನ ನನ್ನ ಬೋರ್ಡಿಗೂ ಅಂಥದ್ದೊಂದು ಕಾಲ್ ಬಂದಿತ್ತು. ಯಾರೂ ಮಾತಾಡ್ಲಿಲ್ಲ, ಬರೀ ಟಕ್ ಟಕ್. ಯಾವ ನಂಬರ್ ಅಂತ ಗಡಿಬಿಡೀಲಿ ನೋಡಲಿಲ್ಲ. ಆಮೇಲೆ ಪುರಸೊತ್ತಾದಾಗ ಯಾವುದೋ ಲೈನ್ ಕೆಟ್ಟಿದೆ ಅಂತ ಕಂಪ್ಲೇಂಟ್ ಪುಸ್ತಕದಲ್ಲಿ ಬರೀತಾ ಕೂತಿದ್ದೆ, ಆಗಲೇ ಸೂಪರ್‌ವೈಸರ್ ಬಂದು ಅಮ್ಮನ ಸುದ್ದಿ ಹೇಳಿದ್ದು. ಹಾಗಾಗಿ ಮರೆತಿಲ್ಲ. ತಟ್ಟಿದ್ದು ನಿನಗೆ ಯಾರು ಹೇಳಿದ್ರು?"

ಪುಟ್ಟನ ನಗು ಅಲ್ಲೇ ಇಳಿದುಹೋಯಿತು. ಅಣ್ಣನ ಮುಖ ನೋಡಿದ. ಆ ನೋಟವೊಂದೇ ಸಾಕಾಗಿತ್ತು.

"ಅದು ಸಿನಿಮಾ ಅಕ್ಕಾ," ಎಂದ ತಡವರಿಸಿ. "ನಾನು ಬದಲಾಯಿಸಿದೀನಲ್ಲ! ಅಮ್ಮನ್ನ ಉಳಿಸಿದೀನಿ. ಸಾಯಿಸಿದ್ರೆ ನಿನಗೆ ಹೊಳೆಯತ್ತೆ ಅಂತಾನೇ ಉಳಿಸಿದ್ದು. ಅಣ್ಣಾ, ನಿನಗೋಸ್ಕರ ಮಾಡಿದ್ದು ಕಣೋ, ನೀನು ಒಂದು ಸಲನಾದ್ರೂ ಹಾಡಿದ ಹಾಗೆ..."

ಮೌನಿ ಅವನ ಅಂಗಿಯ ಎದೆ ಹಿಡಿದ. ಭಾಷೆ ಕೊಟ್ಟಿದ್ದೆಯಲ್ಲೋ ಎಂಬ ಎರಡು ಪದ ಹೇಳಬೇಕಿತ್ತು. "ಭಾ... ಭ್... ಭ್..." ತುಟಿ ಅದುರಿತು, ಕತ್ತಿನ ನರ ಉಬ್ಬಿತು. ಸುತ್ತಲೂ ಜನ ನಿಂತು ನೋಡುತ್ತಿದ್ದರು. ಪುಟ್ಟನಿಗೆ ಏನೆನ್ನಿಸಿತೋ, ಗಾಬರಿಯೋ ಪ್ರೀತಿಯೋ, ಅಣ್ಣನ ಕೈಯ ಮೇಲೆ ಮೆಲ್ಲಗೆ ಮೂರು ಸಲ ತಟ್ಟಿ, ಎಲ್ಲರೆದುರಿಗೆ, ಮನೆಯ ಧಾಟಿಯಲ್ಲಿ ಹಾಡಿದ: "ಹಾಡಿ ಹೇಳೋ ಅಣ್ಣಾ, ಹಾಡಿ ಹೇಳಿಬಿಡು."

"ಅಯ್ಯೋ, ಆ ಹುಡುಗ ಇವರೇ ಅಂತೆ!" ಎಂದರು ಯಾರೋ. ಹತ್ತಾರು ಮೊಬೈಲುಗಳು ಮೇಲೆದ್ದವು. ಹಾಡಲಿ ಎಂದು ಎಲ್ಲರೂ ಕಾದರು, ಕಣ್ಣಲ್ಲಿ ನೀರು ತುಂಬಿಕೊಂಡು, ಮುಗುಳ್ನಗುತ್ತ. ಸಾಬೂನಿನಂಗಡಿಯ ನಗುವೇ ಎಷ್ಟೋ ವಾಸಿಯಿತ್ತು ಎನ್ನಿಸಿತು ಮೌನಿಗೆ. ಅಂಗಿ ಬಿಟ್ಟು ತಿರುಗಿ ನಡೆದ. ಅಕ್ಕ ಆಗಲೇ ಬಾಗಿಲು ದಾಟಿದ್ದಳು.

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಜಾಗವಿತ್ತು, ಚೀಲ ಇಟ್ಟುಕೊಂಡಳು. ಮೌನಿ ಹಿಂದೆ ನಿಂತು ಅವಳ ತಲೆಯನ್ನೇ ನೋಡುತ್ತ ಬಂದ. ಅವಳು ಕುಸಿದು ಬೀಳುತ್ತಾಳೆ, ಅಳುತ್ತಾಳೆ, ನಾನೇ ಅಮ್ಮನನ್ನು ಕೊಂದೆ ಎನ್ನುತ್ತಾಳೆ, ಆಗ ಹೀಗೆ ಸಮಾಧಾನ ಮಾಡಬೇಕು, ಹಾಗೆ ಮಾಡಬೇಕು ಎಂದು ದಾರಿಯುದ್ದಕ್ಕೂ ಪದ ಜೋಡಿಸಿಕೊಂಡ. ನಲವತ್ತು ವರ್ಷದಿಂದ ಆ ದಿನಕ್ಕೆ ಹೆದರಿ ಹೆದರಿ ಅವನಲ್ಲಿ ಸಮಾಧಾನದ ಮಾತುಗಳು ದಂಡಿಯಾಗಿ ಕೂಡಿದ್ದವು.

ಮನೆ ತಲುಪಿ ಅವನು ಬಾಗಿಲು ಹಾಕಿದ. ಅಕ್ಕ ಸೀರೆ ಕೂಡ ಬದಲಿಸದೆ ಊಟದ ಮೇಜಿನ ಮುಂದೆ ನಿಂತಿದ್ದಳು. ಅತ್ತಿರಲಿಲ್ಲ.

"ಕಟ್ ಮಾಡಿದ್ದು ನಾನು," ಎಂದಳು. ಹಾಡಲಿಲ್ಲ, ಬೀದಿಯಲ್ಲಿ ಮಾತಾಡುವ ಹಾಗೆ ಮಾತಾಡಿದಳು. ಆ ಬಾಗಿಲೊಳಗೆ ಅವಳ ಬಾಯಿಂದ ಅಂಥ ದನಿ ಅವನು ಕೇಳಿಯೇ ಇರಲಿಲ್ಲ. "ಅದನ್ನ ನಾನು ಹೇಗೋ ತಡ್ಕೋತೀನಿ. ಇಪ್ಪತ್ತು ವರ್ಷದ ಹುಡುಗಿ, ಬೋರ್ಡಲ್ಲಿ ಹತ್ತು ದೀಪ ಉರೀತಿದ್ವು, ಕಟ್ ಮಾಡಿದಳು. ಆದರೆ ನೀನು? ನಲವತ್ತು ವರ್ಷ ಇದೇ ಮೇಜಲ್ಲಿ ನನ್ನೆದುರಿಗೆ ಕೂತು ಊಟ ಮಾಡಿದೀಯ. ಟವೆಲ್ ಎಲ್ಲಿ ಅಂತ ಹಾಡಿದೀಯ. ಇವಳಿಂದ ಅಮ್ಮ ಹೋದಳು ಅಂತ ಒಳಗೆ ಗೊತ್ತಿಟ್ಕೊಂಡು, ಪಾಪ ಇವಳಿಗೆ ಗೊತ್ತಾಗೋದು ಬೇಡ ಅಂತ ಕರುಣೆ ತೋರಿಸ್ತಾ. ನಾನು ಕೇಳದೇ ನನ್ನನ್ನ ಕ್ಷಮಿಸೋಕೆ ನೀನ್ಯಾರೋ?"

ಮೌನಿ ಪುಟ್ಟನನ್ನು ಬಿಟ್ಟುಬಂದ ದಿಕ್ಕಿಗೆ ಬೆರಳು ತೋರಿಸಿದ.

"ಪುಟ್ಟನ ಬಾಯಿ ನಿಲ್ಲಲ್ಲ, ಅದು ಅವನ ಹುಟ್ಟುಗುಣ. ಅವನ ಮೇಲೆ ನನಗೆ ಆಮೇಲೆ ಸಿಟ್ಟು ಬರತ್ತೆ, ಈಗ ಬರ್ತಿಲ್ಲ. ಅವನಿಗೆ ಹೇಳಿದೆ, ನನಗೆ ಹೇಳಲಿಲ್ಲ. ನಿನ್ನನ್ನ ಸಾಕಿದ್ದು ನಾನು. ನಾನೂರು ಜನದ ಜೊತೆ ಕೂತು ತಿಳ್ಕೋಬೇಕಾಯ್ತಲ್ಲೋ."

ತನಗಾದ ದ್ರೋಹವನ್ನು ಬಸ್ಸಿನುದ್ದಕ್ಕೂ ಹೊತ್ತು ತಂದಿದ್ದ ಮೌನಿಗೆ, ಅದೇ ಪದ ತನ್ನ ಮೇಲೂ ಕೂರುತ್ತದೆಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅಕ್ಕನನ್ನು ಉಳಿಸಲೆಂದು ಮುಚ್ಚಿಟ್ಟೆ ಎಂದುಕೊಂಡಿದ್ದ. ಆದರೆ ಫೋನಿನ ವಿಷಯ ಹೇಳಿದ್ದರೆ, ಹಾಡಬಹುದಿತ್ತಲ್ಲ, ಯಾಕೆ ಹಾಡಲಿಲ್ಲ ಎಂದು ಅವಳು ಕೇಳುತ್ತಿದ್ದಳು. ಆಗ ಕಟ್ಟೆಯ ಮೇಲಿದ್ದ ಮೂವರು ಹುಡುಗರ ಹೆಸರು ಹೇಳಬೇಕಾಗುತ್ತಿತ್ತು. ಅಮ್ಮನ ಜೀವ ಒಂದು ಕಡೆ, ಹುಡುಗರ ನಗು ಇನ್ನೊಂದು ಕಡೆ ಇದ್ದಾಗ ತಾನು ಯಾವುದಕ್ಕೆ ಹೆದರಿದೆ ಎಂದು ಹೇಳಬೇಕಾಗುತ್ತಿತ್ತು. ಅದನ್ನು ಅವಳಿಂದಲೇ ಮುಚ್ಚಿಟ್ಟಿದ್ದ.

ಹೇಳಿಬಿಡೋಣ ಎಂದು ತೊಡೆಯ ಮೇಲೆ ತಟ್ಟಿಕೊಂಡ. ಒಂದು, ಎರಡು, ಮೂರು. "ಅಕ್ಕಾ" ಎಂದು ಹಾಡಿದ. ಹಾಡಿದೊಡನೆ ಕಿವಿಯಲ್ಲಿ ಪುಟ್ಟನ ಆರ್ಕೆಸ್ಟ್ರಾ ಶುರುವಾಯಿತು, ಪಿಟೀಲುಗಳೆಲ್ಲ ಒಟ್ಟಿಗೆ. ಅದು ಪರದೆಯ ಹುಡುಗನ ದನಿಯಾಗಿತ್ತು, ತನ್ನದಾಗಿರಲಿಲ್ಲ. ತಮ್ಮ ಅದನ್ನೂ ಎತ್ತಿಕೊಂಡು ಹೋಗಿದ್ದ.

"ಬೇಡ," ಎಂದಳು ಅಕ್ಕ. "ಹಾಡಬೇಡ. ಹಾಡಿನಲ್ಲಿ ನೀನು ನನಗೆ ಸುಳ್ಳು ಹೇಳಿದೀಯ. ಮಾತಾಡು."

ಅವನು ಆಗಲ್ಲ ಎಂದು ತಲೆಯಾಡಿಸಿದ, ಅಂಗಡಿಯಲ್ಲಿ ಗಿರಾಕಿಗೆ ಆಡಿಸುವ ಹಾಗೆ.

"ಆಗತ್ತೆ. ಎಷ್ಟು ಹೊತ್ತು ಬೇಕೋ ತಗೋ."

ಅವಳು ಕುರ್ಚಿ ಎಳೆದು ಅವನೆದುರಿಗೆ ಕೂತಳು. ಮೌನಿ ಬಾಯಿ ತೆರೆದ. "ಫೋ... ಫ್... ಫ್..." ಅಲ್ಲೇ ಸಿಕ್ಕಿತು. ದವಡೆ ಬಿಗಿಯಿತು, ಉಸಿರು ನಿಂತಿತು, ಹಣೆಯಲ್ಲಿ ಬೆವರೊಡೆಯಿತು. ಕಿಟಕಿಯ ಹೊರಗೆ ಯಾರೋ ಸೈಕಲ್ ಬೆಲ್ ಮಾಡುತ್ತ ಹೋದರು. ಕಣ್ಣಿನಲ್ಲೇ 'ನೀನೇ ಹೇಳಿಬಿಡು' ಎಂದು ಬೇಡಿಕೊಂಡ. ಮುಂದಿನ ಮಾತು ಅವಳಿಗೆ ಗೊತ್ತಿತ್ತು. ಹೇಳಿಕೊಡಲಿಲ್ಲ. ಗಡಿಯಾರ ನೋಡಲಿಲ್ಲ.

"ಕೇಳಿಸ್ಕೊಳ್ತಿದೀನಿ," ಎಂದಳು, ಮತ್ತು ಕಾಯುತ್ತ ಕೂತಳು.